ಗೋಧಿ ಹಾಕುವುದು

ಮೊನ್ನೆ ಭಾನುವಾರ ನನ್ನ ಮಗಳ ಕೈಯಿಂದ ಬಟ್ಟಲು ಕಿತ್ತುಕೊಂಡು ಸಿಂಕಿಗೆ ಬಿಸಾಕಿದೆ. ಸ್ಟೀಲ್ ಬಟ್ಟಲು, ಅಂಚು ಸೊಟ್ಟಗಾಯಿತು. ಅದರಲ್ಲಿದ್ದದ್ದು ಬೇಯಿಸಿದ ಇಡೀ ಗೋಧಿ, ಜೊತೆಗೆ ಹೆಚ್ಚಿದ ಸೌತೆಕಾಯಿ, ದಾಳಿಂಬೆ ಕಾಳು, ನಿಂಬೆರಸ. ಹೊಟ್ಟೆಗೆ ಬಹಳ ಒಳ್ಳೆಯದು ಅಂತ ಫೋನಿನಲ್ಲಿ ಯಾರೋ ಹೇಳಿದ್ದರಂತೆ. ಹಿಂದಿನ ದಿನವೇ ನೆನೆಹಾಕಿ, ಬೆಳಗ್ಗೆ ಕುಕ್ಕರಿನಲ್ಲಿ ಐದು ಸಲ ಕೂಗಿಸಿದ್ದಳು. ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ಹೋಗಿ ಹೂವು ತಂದವಳು ನಾನು, ಬಾಗಿಲು ತೆಗೆದ ತಕ್ಷಣ ಆ ವಾಸನೆ ಮೂಗಿಗೆ ಬಡಿಯಿತು. ಏನು ಮಾಡುತ್ತಿದ್ದೇನೆ ಅಂತ ಗೊತ್ತಾಗುವ ಮೊದಲೇ ಕೈ ಮುಂದೆ ಹೋಗಿತ್ತು.

"ಅಮ್ಮಾ, ತಲೆ ಕೆಟ್ಟೈತಾ ನಿಂಗೆ?" ಅಂದಳು ಮಗಳು. ಪಿಯುಸಿ ಓದುವ ಹುಡುಗಿ, ನನ್ನ ಬಾಯೇ ಅವಳಿಗೂ ಬಂದಿದೆ. ಸಿಂಕಿನಲ್ಲಿ ಚೆಲ್ಲಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿದೆ. ಬೆಂದು ಹೊಟ್ಟೆ ಒಡೆದ ಕೆಂಪು ಕಾಳು. ಸಿಟ್ಟು ನನ್ನದಾದರೂ ಬೀಸಿದ ಕೈ ನಮ್ಮಪ್ಪನದು. ಅದನ್ನು ಅವಳಿಗೆ ಹೇಗೆ ವಿವರಿಸಲಿ? ಇಪ್ಪತ್ತು ವರ್ಷದ ಹಿಂದಿನ ಒಂದು ತಿಂಗಳ ಕಥೆಯನ್ನು ಮೊದಲಿಂದ ಹೇಳಬೇಕಾಗುತ್ತದೆ. ಅವಳಿಗೆ ಇನ್ನೂ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಆಗ ನನಗೆ ಇಪ್ಪತ್ತು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಬಿ.ಎ. ಎರಡನೇ ವರ್ಷದಲ್ಲಿ ಇಂಗ್ಲಿಷ್ ಹೋಗಿತ್ತು. "ಓದಿ ಉದ್ಧಾರ ಮಾಡಿದ್ದು ಸಾಕು" ಅಂತ ಅಪ್ಪ ಪುಸ್ತಕ ಅಟ್ಟಕ್ಕೆ ಹಾಕಿಸಿದ್ದ. ಮೇಲೂರಿನ ನಮ್ಮ ಮನೆಯಲ್ಲಿ ನಾನು ಹುಳು ಮೇಯಿಸುತ್ತಿದ್ದೆ. ರೇಷ್ಮೆ ಹುಳುವಿಗೆ ನಾವು ಬರೀ ಹುಳು ಎನ್ನುತ್ತೇವೆ, ಬೇರೆ ಹುಳುಗಳು ಲೆಕ್ಕಕ್ಕೇ ಇಲ್ಲ. ಮನೆಯ ಅರ್ಧ ಭಾಗ ಅವುಗಳದು, ಉಳಿದರ್ಧ ನಮ್ಮದು. ಮೊಟ್ಟೆ ಒಡೆದ ದಿನದಿಂದ ಗೂಡು ಕಟ್ಟುವವರೆಗೆ ಸುಮಾರು ಒಂದು ತಿಂಗಳು. ಆ ತಿಂಗಳು ಮನೆಯಲ್ಲಿ ಒಗ್ಗರಣೆ ಇಲ್ಲ. ಸಾಸಿವೆ ಸಿಡಿಯುವ ವಾಸನೆ, ಮೆಣಸಿನಕಾಯಿ ಘಾಟು, ಊದುಬತ್ತಿ, ಅಗರು, ತಲೆಗೆ ಹಾಕುವ ಎಣ್ಣೆಯ ಸುವಾಸನೆ ಕೂಡ ಇಲ್ಲ. ವಾಸನೆ ಬಿದ್ದರೆ ಹುಳು ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಮಲಗುತ್ತದೆ ಎಂದು ನಂಬಿಕೆ. ನಿಜವೋ ಸುಳ್ಳೋ, ನಮ್ಮ ಮನೆಯಲ್ಲಿ ಆ ಮಾತು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಏಕೆಂದರೆ ನಮ್ಮಪ್ಪ ಮುನಿಶಾಮಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಹುಳು ಮನೆಗೆ ಬಂದರೆ ಆ ಸಿಟ್ಟು ಕೈಗಿಳಿಯುತ್ತಿತ್ತು. ಅಮ್ಮನ ಮೇಲಿನ ಸಾಲಿನ ಎರಡು ಹಲ್ಲು ಹೋದದ್ದು ವಯಸ್ಸಾಗಿ ಅಲ್ಲ. ಹಿಂದಿನ ಬೆಳೆಯಲ್ಲಿ ನಾನು ಮಳೆಯಲ್ಲಿ ನೆಂದ ಸೊಪ್ಪು ಒರೆಸದೆ ಹಾಕಿದೆ ಅಂತ ಕುಡುಗೋಲಿನ ಹಿಡಿಯಿಂದ ಹೊಡೆದಿದ್ದ. ಬಲಗೈ ಮಣಿಕಟ್ಟು ಮುರಿಯಿತು. ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ "ಜಾರಿ ಬಿದ್ದೆ" ಅಂದೆ. ಪಕ್ಕದಲ್ಲಿ ನಿಂತಿದ್ದ ಅಪ್ಪ, "ನೋಡ್ಕೊಂಡ್ ನಡೀಬೇಕಮ್ಮ" ಅಂದ, ಡಾಕ್ಟರಿಗೆ ಕೇಳುವಂತೆ. ಅಂಥವನನ್ನು ಏನೆಂದು ಕರೆಯುವುದು? ಅಪ್ಪ ಅಂತಲೇ ಕರೆದೆವು.

ಇನ್ನು ಗೋಧಿಯ ವಿಷಯ. ನಾವು ಮುದ್ದೆ ಜನ. ಡಿಪೋದಲ್ಲಿ ರೇಷನ್ನಿಗೆ ಗೋಧಿ ಕೊಡುತ್ತಿದ್ದರು, ಬಿಟ್ಟರೆ ನಷ್ಟ ಅಂತ ತಂದು ಚೀಲದಲ್ಲಿ ಕಟ್ಟಿಡುತ್ತಿದ್ದೆವು. ಮಿಲ್ಲಿಗೆ ಹಾಕಿಸಿ ಚಪಾತಿ ಮಾಡುವುದು ವರ್ಷಕ್ಕೆ ಎರಡು ಸಲ, ಅದೂ ನೆಂಟರು ಬಂದರೆ. ಇಡೀ ಗೋಧಿಯನ್ನು ಮನುಷ್ಯರು ತಿನ್ನುತ್ತಾರೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಅದು ಇಲಿಗೆ. ಗೂಡು ಕಟ್ಟುವ ಸಮಯ ಹತ್ತಿರವಾದಂತೆ ಇಲಿಗಳು ಎಲ್ಲಿಂದಲೋ ಬಂದು ಗೂಡು ಕೊರೆದು ಒಳಗಿನ ಹುಳು ತಿಂದುಬಿಡುತ್ತಿದ್ದವು. ಅದಕ್ಕೆ ಅಪ್ಪ ಗೋಧಿಗೆ ಕಪ್ಪು ಪಾಷಾಣದ ಪುಡಿ ಕಲಸಿ ಕೊಡುತ್ತಿದ್ದ. ಸಂಜೆ ಅದನ್ನು ತೆಂಗಿನ ಚಿಪ್ಪುಗಳಲ್ಲಿ ಗೋಡೆಯ ಸುತ್ತ ಇಡುವುದು, ಬೆಳಗ್ಗೆ ಉಳಿದದ್ದನ್ನು ಒಟ್ಟು ಮಾಡಿ ಹಿತ್ತಲಲ್ಲಿ ಮೊಳಕಾಲುದ್ದ ಗುಂಡಿ ತೋಡಿ ಹೂಳುವುದು ನನ್ನ ಕೆಲಸ. ಹೀಗಾಗಿ ನಮ್ಮ ಮನೆಯಲ್ಲಿ 'ಗೋಧಿ ಹಾಕುವುದು' ಅಂದರೆ ಒಂದೇ ಅರ್ಥ. "ಗೋಧಿ ಹಾಕ್ದಾ?" ಅಂತ ಅಮ್ಮ ಕೇಳಿದರೆ ವಿಷ ಇಟ್ಟೆಯಾ ಎಂದು. ಅಪ್ಪನಿಗೆ ಯಾರ ಮೇಲಾದರೂ ಸಿಟ್ಟು ಬಂದರೆ "ಅವ್ನಿಗೆ ಗೋಧಿ ಹಾಕ್ತೀನಿ ನೋಡ್ತಿರು" ಅನ್ನುತ್ತಿದ್ದ. ಅಕ್ಕಪಕ್ಕದವರಿಗೂ ಅದು ಗೊತ್ತಿತ್ತು, ನಗುತ್ತಿದ್ದರು.

ಇಂಥ ಮನೆಗೆ ಶಾಂತಾ ಅತ್ತಿಗೆ ಬಂದಳು. ನಮ್ಮಣ್ಣ ಮಂಜಣ್ಣ ಸರ್ಕಾರಿ ನೌಕರಿಯಲ್ಲಿ ಮುಧೋಳದ ಕಡೆ ನಾಲ್ಕು ವರ್ಷ ಇದ್ದ. ಬಾಡಿಗೆಗಿದ್ದ ಮನೆಯ ಮಾಲೀಕರ ಮಗಳನ್ನೇ ಮದುವೆಯಾಗಿ ಒಂದು ಕಾಗದ ಬರೆದ. ಅಪ್ಪ ಆ ಕಾಗದವನ್ನು ಒಲೆಗೆ ಹಾಕಿದ. ಆಮೇಲೆ ಅಣ್ಣನಿಗೆ ಚಿಂತಾಮಣಿಗೆ ವರ್ಗವಾಯಿತು. ಮನೆ ಸಿಗುವವರೆಗೆ ಅಂತ ಹೆಂಡತಿಯನ್ನು ಮೇಲೂರಿಗೆ ಕರೆತಂದ. ತಾನು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಅಪ್ಪ ಸೊಸೆಯ ಮುಖ ನೋಡಿ ಮಾತಾಡುತ್ತಿರಲಿಲ್ಲ, ಅವಳನ್ನು 'ರೊಟ್ಟಿ' ಎನ್ನುತ್ತಿದ್ದ. "ಆ ರೊಟ್ಟಿಗೆ ಹೇಳು ನೀರು ಕಾಯ್ಸಕ್ಕೆ." ಅವಳ ಮಾತು ನಮಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ನಮ್ಮದು ಅವಳಿಗೂ ಅಷ್ಟೇ. ನಮ್ಮ ಬೀದಿಯಲ್ಲಿ ಅರ್ಧ ತೆಲುಗು ಬೇರೆ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಸೆರಗು ತಲೆ ಮೇಲೆ ಎಳೆದುಕೊಂಡು ಎಲ್ಲದಕ್ಕೂ "ಹೌದ್ರಿ" ಅನ್ನುತ್ತಿದ್ದಳು. ನನಗೆ ಅವಳು ಬಲು ಇಷ್ಟವಾದಳು, ಅದನ್ನು ಮುಚ್ಚಿಡುವುದೇಕೆ. ಆ ಮನೆಯಲ್ಲಿ ನನ್ನ ಜಡೆ ಹೆಣೆದವರು ಅದುವರೆಗೆ ಯಾರೂ ಇರಲಿಲ್ಲ.

ಹುಳು ನಾಲ್ಕನೇ ಜ್ವರ ಎದ್ದಿತ್ತು. ಪೊರೆ ಬಿಡಲು ಹುಳು ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಅದು ಎದ್ದ ಮೇಲೆ ಹುಳುವಿಗೆ ರಾಕ್ಷಸ ಹಸಿವು. ಹೊತ್ತು ಹೊತ್ತಿಗೂ ಸೊಪ್ಪು ಕಡಿದು ಹಾಕಬೇಕು, ಮನುಷ್ಯರ ಊಟ ನಿದ್ದೆಗೆ ಸಮಯವಿಲ್ಲ. ಮೂರು ವಾರ ಒಗ್ಗರಣೆ ಇಲ್ಲದ ಸಪ್ಪೆ ಸಾರು ಉಂಡು ಎಲ್ಲರ ನಾಲಿಗೆಯೂ ಸತ್ತಿತ್ತು. ಶುಕ್ರವಾರ ಮಧ್ಯಾಹ್ನ ಅಪ್ಪ ಒಂದು ತುತ್ತು ಮುದ್ದೆ ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. "ಕಲಗಚ್ಚಿಗಿಂತ ಕಡೆ" ಅಂದವನೇ ತಟ್ಟೆ ಎತ್ತಿ ಗೋಡೆಗೆ ಹೊಡೆದ. ಬಿಸಿ ಸಾರು ಅಮ್ಮನ ಕತ್ತಿಗೆ ಸಿಡಿಯಿತು. ಒಗ್ಗರಣೆ ಬೇಡ ಅಂದವನೂ ಅವನೇ! ಅತ್ತಿಗೆ ಗೋಡೆ ತೊಳೆದಳು, ಅಮ್ಮನ ಕತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು.

"ನಮ್ಮ ಕಡೆ ಹಬ್ಬಕ್ಕ ಗೋಧಿ ಹುಗ್ಗಿ ಮಾಡ್ತಾರ. ಒಗ್ಗರಣಿ ಬ್ಯಾಡ, ಘಾಟ ಇಲ್ಲ. ಮಾಡ್ಲೇನ ತಂಗಿ?" ಅಂತ ನನ್ನನ್ನು ಕೇಳಿದಳು.

ಹುಗ್ಗಿ ಅಂದರೆ ನಮಗೆ ಅಕ್ಕಿ ಹೆಸರುಬೇಳೆಯದು. ಗೋಧಿಯಲ್ಲಿ ಎಂಥ ಹುಗ್ಗಿ ಅಂತ ನಕ್ಕೆ. ಅಣ್ಣ ಆ ತಿಂಗಳ ಹೊಸ ಚೀಲ ಡಿಪೋದಿಂದ ತಂದಿದ್ದ. ಅದರಿಂದ ಎರಡು ಸೇರು ತೆಗೆದುಕೊಟ್ಟೆ. ಇಲಿಯದು ಬೇರೆ ಡಬ್ಬದಲ್ಲಿ ಕೊಟ್ಟಿಗೆಯ ಅಟ್ಟದ ಮೇಲಿತ್ತು, ಅದನ್ನೂ ತೋರಿಸಿ ಮುಟ್ಟಬೇಡ ಅಂದೆ. ಅಷ್ಟರಮಟ್ಟಿಗೆ ಜವಾಬ್ದಾರಿಯಿಂದಲೇ ನಡೆದುಕೊಂಡಿದ್ದೆ.

ಶನಿವಾರ ಸಂಜೆ ಅವಳು ಹಿತ್ತಲ ಗೋಡೆಯ ಹತ್ತಿರ ಗೋಧಿ ಕೇರುತ್ತ ನಿಂತಿದ್ದಳು. ಪಕ್ಕದ ಮನೆ ವೆಂಕಟಲಕ್ಷ್ಮಮ್ಮ ಗೋಡೆಯಾಚೆಯಿಂದ ಕತ್ತು ಚಾಚಿದಳು. ಅವಳಿಗೆ ಬೇರೆಯವರ ಮನೆ ಗದ್ದಲ ಕೇಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

"ಏಮಮ್ಮಾ, ನಿನ್ನೆ ಏನೋ ತಟ್ಟೆ ಬಿದ್ದಂಗಾಯ್ತು? ನಿಮ್ಮಾವ ಮತ್ತೆ ಶುರು ಮಾಡ್ಕೊಂಡ್ನಾ?"

"ಮಾವಾರಿಗೆ ಸಿಟ್ಟು ಭಾಳ ಐತ್ರಿ. ಇರ್ಲಿ, ನಾಳೆ ಗೋಧಿ ಹಾಕ್ತೀನಿ. ಒಮ್ಮೆ ತಿಂದ್ರಂದ್ರ ಅವರ ಸಿಟ್ಟೆಲ್ಲಾ ತಣ್ಣಗ ಆಗ್ತೈತಿ ನೋಡ್ರಿ."

ವೆಂಕಟಲಕ್ಷ್ಮಮ್ಮನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ನಾನು ಪಕ್ಕದಲ್ಲೇ ಸೊಪ್ಪು ಕಡಿಯುತ್ತಿದ್ದೆ. ಕೇಳಿಸಿಕೊಂಡೆ. ನಗು ತಡೆಯಲಾಗದೆ ಸೊಪ್ಪಿನ ಹೊರೆಯಲ್ಲಿ ಮುಖ ಹುದುಗಿಸಿದೆ. 'ಅತ್ತಿಗೆ, ನಮ್ಮಲ್ಲಿ ಹಾಗನ್ನಬಾರದು' ಅಂತ ಒಂದು ಮಾತು ಹೇಳಬಹುದಿತ್ತು. ತಮಾಷೆ ಕೆಡುತ್ತದೆ ಅಂತ ಹೇಳಲಿಲ್ಲ.

ಭಾನುವಾರ ಬೆಳಗ್ಗೆ ತುಂತುರು ಮಳೆ. ನನಗೆ ಎದ್ದಾಗಲೇ ಹೊತ್ತಾಗಿತ್ತು, ಹುಳುವಿಗೆ ಸೊಪ್ಪು ಹಾಕಬೇಕಿತ್ತು. ಚಿಪ್ಪುಗಳಲ್ಲಿ ಉಳಿದಿದ್ದ ಇಲಿ ಗೋಧಿ ಒಟ್ಟು ಮಾಡಿದೆ. ಗುಂಡಿ ತೋಡಲು ಸೋಮಾರಿತನ. ಹಿತ್ತಲ ತಿಪ್ಪೆಗೆ ಸುರಿದು ಮೇಲೆ ಒಂದು ಹಿಡಿ ಕಸ ಎಳೆದು ಒಳಗೆ ಬಂದೆ. ಐದು ನಿಮಿಷದ ಕೆಲಸ ಉಳಿಯಿತು ಅಂದುಕೊಂಡೆ.

ಅತ್ತಿಗೆ ಆಗಲೇ ಅಂಗಳದ ಒರಳಿನ ಮುಂದೆ ಕೂತಿದ್ದಳು. ರಾತ್ರಿಯೆಲ್ಲ ನೆನೆದ ಗೋಧಿಯ ನೀರು ಬಸಿದು ಹದವಾಗಿ ಕುಟ್ಟುತ್ತಿದ್ದಳು. ಜೋರಾಗಿ ಕುಟ್ಟಿದರೆ ನುಚ್ಚಾಗುತ್ತದೆ, ಮೆಲ್ಲಗೆ ಕುಟ್ಟಿದರೆ ಸಿಪ್ಪೆ ಬಿಡುವುದಿಲ್ಲ. ಒನಕೆ ಬೀಳುವ ಸದ್ದಿನಲ್ಲೇ ಅವಳಿಗೆ ಹದ ತಿಳಿಯುತ್ತಿತ್ತು. ಸಿಪ್ಪೆಯನ್ನು ಮೊರದಲ್ಲಿ ಕೇರಿ ಹಿತ್ತಲ ಬಾಗಿಲ ಆಚೆ ಚೆಲ್ಲಿದಳು. ಕೋಳಿಗಳು ಓಡಿಬಂದು ಮುತ್ತಿಕೊಂಡವು. ಆಮೇಲೆ ದೊಡ್ಡ ಹಿತ್ತಾಳೆ ಪಾತ್ರೆಯಲ್ಲಿ ಕಾಳು ಬೇಯಲು ಇಟ್ಟಳು. ಎರಡು ಗಂಟೆ ಬೇಯಿತು. ಬೆಂದಂತೆ ಕಾಳು ಉಬ್ಬಿ ಬಾಯಿ ಬಿಟ್ಟು ಗಂಜಿ ಗಟ್ಟಿಯಾಯಿತು. ಬೆಲ್ಲ ಹಾಕಿದಳು, ಕೊಬ್ಬರಿ ತುರಿ, ಹುರಿಯದೆ ಅರೆದ ಗಸಗಸೆ, ಕೊನೆಗೆ ತುಪ್ಪ.

"ಯಾಲಕ್ಕಿ ಹಾಕೂದಿಲ್ಲ. ನಿಮ್ಮ ಹುಳಕ್ಕ ವಾಸನಿ ಆಗಬಾರ್ದಲ್ಲ" ಅಂದಳು.

ಸೌಟಿನ ತುದಿಯಲ್ಲಿ ಒಂದಿಷ್ಟು ತೆಗೆದು ನನ್ನ ಅಂಗೈಗೆ ಹಾಕಿದಳು. ಊದಿ ಬಾಯಿಗೆ ಹಾಕಿಕೊಂಡೆ. ಅಯ್ಯೋ, ಅದರ ರುಚಿ! ಮೇಲೆ ಬೆಲ್ಲದ ಮೆತ್ತನೆ ಪಾಕ, ಕಚ್ಚಿದರೆ ಒಳಗೆ ಕಾಳು ಇನ್ನೂ ಗಟ್ಟಿ, ಹಲ್ಲಿಗೆ ಸಿಕ್ಕಿ ಪಟಕ್ಕನೆ ಒಡೆದು ಹಾಲು ಬಿಡುತ್ತಿತ್ತು. ಅಕ್ಕಿ ಪಾಯಸದಂತೆ ನುಂಗಿಬಿಡುವ ಹಾಗಿಲ್ಲ, ಅಗಿಯಲೇಬೇಕು. ಇನ್ನೊಂದು ಕೈ ಕೇಳಿದೆ, ಹಾಕಿದಳು. ಇಪ್ಪತ್ತು ವರ್ಷ ಇಲಿಗೆ ಹಾಕಿ ದಂಡ ಮಾಡಿದ್ದೇವಲ್ಲ ಅಂದುಕೊಂಡೆ. ಅತ್ತಿಗೆ ನನ್ನ ಮುಖ ನೋಡಿ ನಕ್ಕಳು. ಆ ಮನೆಯಲ್ಲಿ ಅವಳು ಬಾಯಿ ತುಂಬ ನಕ್ಕದ್ದು ಅದೊಂದೇ ಸಲ.

ಹೊರಗೆ ಅಮ್ಮ ಕಿರುಚಿದಳು. ಓಡಿದೆವು. ಹಿತ್ತಲಲ್ಲಿ, ಅತ್ತಿಗೆ ಸಿಪ್ಪೆ ಚೆಲ್ಲಿದ್ದ ಜಾಗದಲ್ಲೇ, ಮೂರು ಕೋಳಿ ಕಾಲು ಚಾಚಿ ಬಿದ್ದಿದ್ದವು. ಹುಂಜ ಕತ್ತು ತಿರುಚಿಕೊಂಡು ನೆಲದ ಮೇಲೆ ಹೊರಳುತ್ತಿತ್ತು. ನನ್ನ ಕಣ್ಣು ಸೀದಾ ತಿಪ್ಪೆಗೆ ಹೋಯಿತು. ಕಸ ಕೆದರಿ ಹರಡಿತ್ತು. ಏನಾಗಿದೆ ಅಂತ ಆ ಕ್ಷಣದಲ್ಲೇ ನನಗೆ ಗೊತ್ತಾಯಿತು.

ಅಪ್ಪ ಹುಳುಮನೆಯಿಂದ ಬಂದ. ಸದ್ದು ಕೇಳಿ ವೆಂಕಟಲಕ್ಷ್ಮಮ್ಮ ಗೋಡೆ ಪಕ್ಕದ ಸಂದಿಯಿಂದ ಒಳಗೇ ಬಂದುಬಿಟ್ಟಳು. ಕೋಳಿ ನೋಡಿದಳು, ಸಿಪ್ಪೆ ನೋಡಿದಳು, ಎರಡೂ ಕೈ ತಲೆ ಮೇಲೆ ಹೊತ್ತಳು.

"ಅಯ್ಯೋ ದೇವುಡಾ! ನಿನ್ನೆ ನನ್ನ ಕೈಲೇ ಹೇಳಿದ್ಲಲ್ಲಪ್ಪ ಮುನಿಶಾಮಣ್ಣ! ಮಾವನಿಗೆ ಗೋಧಿ ಹಾಕ್ತೀನಿ, ತಣ್ಣಗೆ ಮಾಡ್ತೀನಿ ಅಂದ್ಲು. ನಾನು ತಮಾಷೆ ಅಂದ್ಕೊಂಡೆ ಕಣಪ್ಪ!"

"ಏನಂದ್ಯೇ?" ಅಂದ ಅಪ್ಪ. ಕೇಳಿದ್ದು ಅತ್ತಿಗೆಯನ್ನು. ಮೊದಲ ಸಲ ಅವಳ ಮುಖ ನೋಡಿ ಮಾತಾಡಿದ.

"ಹೌದ್ರಿ, ಅಂದೀನಿ" ಅಂದಳು ಅವಳು, ಪಾಪ. "ಹುಗ್ಗಿ ಮಾಡೀನ್ರಿ, ನಿಮಗ..."

ಮಾತು ಮುಗಿಯಲಿಲ್ಲ. ಅಪ್ಪ ಅವಳ ಕೆನ್ನೆಗೆ ಹೊಡೆದ ಏಟಿಗೆ ಅವಳು ಬಾಗಿಲ ಚೌಕಟ್ಟಿಗೆ ಹೋಗಿ ಬಿದ್ದಳು. ಸೊಪ್ಪು ಬಿಡಿಸಿ ಒಟ್ಟಿದ್ದ ಹಿಪ್ಪುನೇರಳೆ ಕಡ್ಡಿಗಳಲ್ಲಿ ಹೆಬ್ಬೆರಳು ಗಾತ್ರದ್ದೊಂದು ಎಳೆದುಕೊಂಡ. ಹಸಿ ಕಡ್ಡಿ ಮುರಿಯುವುದಿಲ್ಲ, ಬಾಗಿ ಸುತ್ತಿಕೊಳ್ಳುತ್ತದೆ. ಬೆನ್ನಿಗೆ, ತೋಳಿಗೆ, ಮುಚ್ಚಿಕೊಂಡ ಕೈಗೆ. ಜಡೆ ಹಿಡಿದು ಅಂಗಳಕ್ಕೆ ಎಳೆತಂದ. ಅವಳ ಹಣೆ ಒರಳಿನ ಅಂಚಿಗೆ ತಗುಲಿ ಸೀಳಿತು. ಅಮ್ಮ ಅಡ್ಡ ಬಂದು "ಬಿಡೀ, ಸತ್ತೋಯ್ತಾಳೆ" ಅಂದಳು. ಅಮ್ಮನನ್ನು ಮೊಣಕೈಯಿಂದ ತಳ್ಳಿದ, ಅವಳು ಮೊರದ ಮೇಲೆ ಕುಸಿದಳು. "ನನ್ನ ಮನೇಲಿ ನಂಗೇ ಗೋಧಿ ಹಾಕ್ತೀಯೇನೇ ರೊಟ್ಟಿ? ನಂಗೇ?" ಅಂತ ಪ್ರತಿ ಏಟಿಗೂ ಕೇಳುತ್ತಿದ್ದ.

ನನ್ನ ಹತ್ತಿರ ಎರಡು ವಾಕ್ಯ ಇದ್ದವು. 'ಆ ಹುಗ್ಗಿ ನಾನು ಆಗಲೇ ತಿಂದಿದ್ದೀನಿ.' 'ಇಲಿ ಗೋಧಿ ತಿಪ್ಪೆಗೆ ಎಸೆದದ್ದು ನಾನು.' ಮೊದಲನೆಯದು ಹೇಳಿದರೆ ಎರಡನೆಯದು ಹೇಳಲೇಬೇಕು, ಹಾಗಾದರೆ ಕೋಳಿ ಯಾಕೆ ಸತ್ತವು ಅಂತ ಅಪ್ಪ ಕೇಳಿಯೇ ಕೇಳುತ್ತಾನೆ. ಆಗ ಆ ಕಡ್ಡಿ ನನ್ನ ಕಡೆ ತಿರುಗುತ್ತದೆ. ಹಿಂದೆ ಮುರಿದಿದ್ದ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಕಂಬಕ್ಕೆ ಒರಗಿ ನಿಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಬರೆ ಹಾಕುವವನಿಗಿಂತ ಸುಮ್ಮನೆ ನಿಂತ ಎತ್ತು ದೊಡ್ಡ ಪಾಪಿ.

ಆ ಹೊತ್ತಿಗೆ ಅಣ್ಣ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬಂದ. ಹೊರೆ ಕೆಳಗೆ ಹಾಕಿ ಅಪ್ಪನನ್ನು ಹಿಂದಕ್ಕೆ ತಳ್ಳಿದ. ನನಗೆ ಜೀವ ಬಂದಂತಾಯಿತು. ಆದರೆ ಅವನು ವೆಂಕಟಲಕ್ಷ್ಮಮ್ಮ ಹೇಳಿದ್ದನ್ನು ಪೂರ್ತಿ ಕೇಳಿದ. ಸತ್ತ ಕೋಳಿ ನೋಡಿದ. ಹೆಂಡತಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಕೇಳಿದ್ದು ಮೆಲ್ಲಗೇ.

"ಶಾಂತಾ, ನಿಜ ಹೇಳ್ಬಿಡು. ಅದಕ್ಕೆ ಏನು ಹಾಕ್ದೆ?"

ಅದುವರೆಗೆ ಅವಳು ಅಳುತ್ತಿದ್ದಳು. ಆ ಮಾತಿಗೆ ಅಳು ನಿಂತಿತು. ಹಣೆಯಿಂದ ಇಳಿದ ರಕ್ತ ಕಣ್ಣಿಗೆ ಬಂದಿತ್ತು, ಸೆರಗಿನಿಂದ ಒರೆಸಿಕೊಂಡಳು.

"ನೀವೂ ಕೇಳ್ತೀರೇನು?" ಅಂದಳು.

ಅಪ್ಪ ಕಡ್ಡಿಯಿಂದ ಅಡುಗೆಮನೆ ತೋರಿಸಿದ. "ಏನೂ ಹಾಕಿಲ್ದಿದ್ರೆ ತಿನ್ನೇ. ನೀನೇ ಮೊದ್ಲು ತಿನ್ನು. ನಮ್ಮೆಲ್ರ ಮುಂದೆ."

ಅವಳು ಎದ್ದಳು. ಒಂದು ಕಾಲು ಎಳೆಯುತ್ತ ಒಳಗೆ ಹೋಗಿ, ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅಂಗಳದ ನಡುವೆ ಇಟ್ಟಳು. ಹಿಡಿಬಟ್ಟೆ ಹಿಡಿಯಲಿಲ್ಲ, ಅಂಗೈ ಸುಟ್ಟದ್ದು ನನಗೆ ಕಂಡಿತು. ನೆಲದಲ್ಲಿ ಕೂತು ಕೈ ಹಾಕಿ ತಿನ್ನತೊಡಗಿದಳು. ಹೊಗೆಯಾಡುವ ಹುಗ್ಗಿ. ಕೆಳದುಟಿ ಒಡೆದು ಊದಿತ್ತು. ಪ್ರತಿ ತುತ್ತನ್ನೂ ಅಗಿದು ಅಗಿದು ನುಂಗುತ್ತಿದ್ದಳು, ಆ ಕಾಳು ಅಗಿಯದೆ ಇಳಿಯುವುದಿಲ್ಲ. ಬೀದಿಯ ಹೆಂಗಸರು ಬಾಗಿಲಲ್ಲಿ ತುಂಬಿದ್ದರು. ಎಲ್ಲರೂ ಕಾದದ್ದು ಒಂದಕ್ಕೇ, ಅವಳ ಬಾಯಲ್ಲಿ ನೊರೆ ಬರುತ್ತದೋ ಇಲ್ಲವೋ ಅಂತ. ಅಪ್ಪ ಕಡ್ಡಿ ನೆಲಕ್ಕೆ ಊರಿ ನಿಂತಿದ್ದ. ಅಣ್ಣ ತಲೆ ತಗ್ಗಿಸಿದ್ದ. ಪ್ರತಿ ತುತ್ತಿಗೂ ಅವಳು ತಲೆ ಎತ್ತಿ ನನ್ನ ಕಡೆ ನೋಡುತ್ತಿದ್ದಳು. ಯಾಕೆ ಅಂತ ನನಗೆ ಗೊತ್ತಾಗಲಿಲ್ಲ. ಕರುಣೆ ಬೇಡುತ್ತಿದ್ದಾಳೆ ಅಂದುಕೊಂಡು ಬೇರೆ ಕಡೆ ಮುಖ ತಿರುಗಿಸಿದೆ.

ಎಷ್ಟು ಹೊತ್ತೋ. ಅರ್ಧ ಗಂಟೆ ಇರಬಹುದು. ಅವಳಿಗೆ ಏನೂ ಆಗಲಿಲ್ಲ. ಒಬ್ಬೊಬ್ಬರೇ ಹೆಂಗಸರು ಜರುಗಿದರು. ಅಪ್ಪ ಗಂಟಲು ಸರಿಮಾಡಿಕೊಂಡ. ತಪ್ಪಾಯಿತು ಎಂಬ ಮಾತು ಅವನ ಬಾಯಲ್ಲಿ ಹುಟ್ಟಿದ್ದೇ ಇಲ್ಲ.

"ಸರಿ ಹೋಗ್ಲಿ. ಎಲ್ರಿಗೂ ಬಡ್ಸು" ಅಂದ.

ಅವಳು ಎದ್ದು ಪಾತ್ರೆ ಎತ್ತಿಕೊಂಡಳು. ಬಡಿಸಲು ಒಳಗೆ ಹೋಗುತ್ತಾಳೆ ಅಂದುಕೊಂಡೆ. ಸೀದಾ ಕೊಟ್ಟಿಗೆಗೆ ನಡೆದು ಇಡೀ ಪಾತ್ರೆಯನ್ನು ಕಲಗಚ್ಚಿನ ಬಾನಿಗೆ ಬೋರಲು ಹಾಕಿದಳು. ತಳಕ್ಕೆ ಅಂಟಿದ್ದನ್ನೂ ಕೈಯಿಂದ ಕೆರೆದು ಹಾಕಿದಳು.

"ನಾ ಮಾಡಿದ್ದು ದನಾ ತಿನ್ಲಿ. ನೀವು ಬಾಯಿ ಹಚ್ಚಬ್ಯಾಡ್ರಿ" ಅಂದಳು.

ಅಪ್ಪ ಮತ್ತೆ ಕಡ್ಡಿ ಎತ್ತಿದ. ಈ ಸಲ ಅಣ್ಣ ಅದನ್ನು ಗಾಳಿಯಲ್ಲೇ ಹಿಡಿದ. ಇಬ್ಬರೂ ಕೊಟ್ಟಿಗೆಯ ಕೆಸರಿನಲ್ಲಿ ಬಿದ್ದರು. ಅಪ್ಪನ ಉಗುರಿಗೆ ಅಣ್ಣನ ಕೆನ್ನೆ ಹರಿಯಿತು, ಅಣ್ಣನ ಮಂಡಿ ಅಪ್ಪನ ಎದೆಯ ಮೇಲಿತ್ತು. "ಇನ್ನೊಂದ್ ಏಟು ಬಿದ್ರೆ ನಿನ್ನ ಇಲ್ಲೇ ಹೂಳ್ತೀನಿ" ಅಂತ ಅಣ್ಣ ಹಲ್ಲು ಕಚ್ಚಿ ಅಂದ. ಅಮ್ಮ ಇಬ್ಬರ ಮೇಲೂ ಒಂದು ಬಿಂದಿಗೆ ನೀರು ಸುರಿದಳು, ನಾಯಿಗಳನ್ನು ಬಿಡಿಸುವಾಗ ಸುರಿಯುವಂತೆ. ಮಧ್ಯಾಹ್ನದ ಬಸ್ಸಿಗೆ ಅಣ್ಣ ಅತ್ತಿಗೆ ಒಂದು ಟ್ರಂಕು ಹಿಡಿದು ಚಿಂತಾಮಣಿಗೆ ಹೋದರು. ಅವಳು ಯಾರಿಗೂ ಬರ್ತೀನಿ ಅನ್ನಲಿಲ್ಲ.

ಆ ಸಲ ಬೆಳೆ ಬಹಳ ಚೆನ್ನಾಗಿ ಬಂತು. ಗೂಡು ಗಟ್ಟಿ, ಹಳದಿ ಬಂಗಾರ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಜನ ಮುತ್ತಿಕೊಂಡು ನೋಡಿದರಂತೆ. ಮನೆಯಲ್ಲಿ ಮತ್ತೆ ಒಗ್ಗರಣೆ ಶುರುವಾಯಿತು. ಊರಲ್ಲಿ ಮಾತು ನಿಂತಿರಲಿಲ್ಲ. ಎಲ್ಲರ ಕಣ್ಣೆದುರೇ ತಿಂದು ತೋರಿಸಿದರೂ ನಿಲ್ಲಲಿಲ್ಲ. "ಅವಳಿಗೆ ತಾಗದಂಗೆ ಮಂತ್ರ ಹಾಕಿಸಿದ್ಲಂತೆ" ಅಂದಳು ವೆಂಕಟಲಕ್ಷ್ಮಮ್ಮ. ಅಪ್ಪನದು ಒಂದೇ ಪ್ರಶ್ನೆ: "ಹಂಗಾದ್ರೆ ಕೋಳಿ ಯಾಕೆ ಸತ್ವು? ಅದಕ್ಕೆ ಉತ್ತರ ಸಿಗೋವರ್ಗೂ ಆ ಹೆಂಗ್ಸು ನನ್ನ ಹೊಸಲು ತುಳಿಯಂಗಿಲ್ಲ." ಉತ್ತರ ಅವನ ಎದುರಿಗೇ ಕೂತು ಮುದ್ದೆ ನುಂಗುತ್ತಿತ್ತು. ನನ್ನ ಒಂದು ಮಾತಿನಿಂದ ಅವಳ ಹೆಸರು ತೊಳೆದುಹೋಗುತ್ತಿತ್ತು. ದಿನವೂ ಬಾಯಿ ತೆರೆಯುತ್ತಿದ್ದೆ, ಅಪ್ಪನ ಕೈ ನೋಡಿ ಮುಚ್ಚುತ್ತಿದ್ದೆ.

ಮೂರು ವಾರ ಕಳೆದ ಮೇಲೆ ಅಪ್ಪ ಮಂಡಿಕಲ್ಲಿನ ನೆಂಟರ ಮನೆಗೆ ಹೋದ ದಿನ, ಅಮ್ಮನಿಗೆ ಹೇಳಿ ಚಿಂತಾಮಣಿ ಬಸ್ಸು ಹತ್ತಿದೆ. ಅಣ್ಣ ಕೆಲಸಕ್ಕೆ ಹೋಗಿದ್ದ. ಒಂದೇ ಕೋಣೆಯ ಬಾಡಿಗೆ ಮನೆ. ಅತ್ತಿಗೆ ಬಾಗಿಲು ತೆಗೆದಳು. ಹಣೆಯ ಗಾಯ ಮಾಗಿ ಗುಲಾಬಿ ಗೆರೆಯಾಗಿತ್ತು. ಒಳಗೆ ಕರೆದಳು, ನೀರು ಕೊಟ್ಟಳು. ಒಲೆಯ ಮೇಲೆ ಏನೋ ಬೇಯುತ್ತಿತ್ತು. ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಅನ್ನಿಸಿತು.

"ಅತ್ತಿಗೆ, ಕೋಳಿ ಸತ್ತಿದ್ದು ನನ್ನಿಂದ. ಗುಂಡಿ ತೋಡ್ದೆ ಇಲಿ ಗೋಧಿ ತಿಪ್ಪೆಗೆ ಎಸೆದಿದ್ದೆ" ಅಂದೆ. ಅಂದವಳೇ ಅಳತೊಡಗಿದೆ.

ಅವಳು ಸೌಟು ಆಡಿಸುತ್ತಲೇ ಇದ್ದಳು.

"ನನಗ ಗೊತ್ತಿತ್ತು" ಅಂದಳು. "ಮುಂಜಾನೆ ನೀ ಚೆಲ್ಲೂದು ಹಿತ್ತಲ ಬಾಗಲದಾಗ ನಿಂತು ನೋಡೀನಿ. ಅದು ಏನಂತ ಕೋಳಿ ಸತ್ತ ಮ್ಯಾಲೆ ತಿಳೀತು."

"ಮತ್ತೆ ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳಿದ್ರೆ ಅಪ್ಪ ನಿನ್ನ ಬಿಡ್ತಿದ್ದ!"

"ನನ್ನ ಬಿಟ್ಟು ನಿನ್ನ ಹಿಡೀತಿದ್ರು. ಮೊದ್ಲ ಒಂದು ಕೈ ಮುರದೈತಿ ನಿಂದು." ಅವಳು ಒಲೆ ಆರಿಸಿದಳು. "ನಾ ಹೇಳಬಾರ್ದು ಅಂದ್ಕೊಂಡೆ. ಆದ್ರ ನೀ ಹೇಳ್ತಿ ಅಂದ್ಕೊಂಡಿದ್ದೆ ತಂಗಿ. ಈಗ ಹೇಳ್ತಾಳ, ಇನ್ನೊಂದ ತುತ್ತಿಗೆ ಹೇಳ್ತಾಳ ಅಂತ ತುತ್ತು ತುತ್ತಿಗೂ ನಿನ್ನ ಮಕಾ ನೋಡ್ದೆ. ನೀ ಮಕಾ ತಿರುಗಿಸ್ದಿ."

ಅವಳು ಪಾತ್ರೆಯ ಮುಚ್ಚಳ ತೆಗೆದಳು. ಬೆಲ್ಲ, ಕೊಬ್ಬರಿ, ಬೆಂದ ಗೋಧಿ. ಈ ಸಲ ಏಲಕ್ಕಿಯೂ ಇತ್ತು. ಬಟ್ಟಲು ತುಂಬ ಹಾಕಿ ತುಪ್ಪ ಬಿಟ್ಟು ನನ್ನ ಮುಂದಿಟ್ಟಳು. ಭುಜ ಒತ್ತಿ ಕೂರಿಸಿದಳು. ತಾನು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

"ತಿನ್ನು" ಅಂದಳು. "ನಾ ನೋಡ್ತೀನಿ."

ತಿಂದೆ. ಮೊದಲ ತುತ್ತಿಗೆ ಬಾಯಿ ಸುಟ್ಟಿತು. ಊದಿಕೊಳ್ಳಲು ನಿಲ್ಲಿಸಿದರೆ ಅವಳ ಕಣ್ಣು ಎದುರಾಗುತ್ತಿತ್ತು, ಅದಕ್ಕೆ ನಿಲ್ಲಿಸಲಿಲ್ಲ. ಕಾಳು ಹಲ್ಲಿಗೆ ಸಿಕ್ಕಿ ಒಡೆಯುವ ಸದ್ದು ನನ್ನ ಕಿವಿಗೇ ಕೇಳುತ್ತಿತ್ತು. ಅವಳು ಮುಖ ತಿರುಗಿಸಲಿಲ್ಲ. ಬಟ್ಟಲು ಖಾಲಿಯಾಯಿತು. ಅವಳು ಎದ್ದು ಇನ್ನೊಂದು ಸೌಟು ತಂದು ಹಾಕಿ, ಮತ್ತೆ ಎದುರಿಗೆ ಬಂದು ಕೂತಳು.